ತಿರುವಿನ ಬೇವಿನ ಮರ ಹೋದರೆ ದಾರಿ ತಪ್ಪುತ್ತದೆಯೇ?

ಪ್ರಶ್ನೆ: ನಾವು ರಾಯಚೂರಿನವರು. ನಮ್ಮ ತಂದೆಗೆ 76 ವರ್ಷ. ಗಂಜಿನ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು, ಐವತ್ತು ವರ್ಷಗಳಿಂದ ಒಂದೇ ಓಣಿಯಲ್ಲಿ ವಾಸ. ಕಳೆದ ವರ್ಷ ನಮ್ಮ ಮುಖ್ಯರಸ್ತೆಯನ್ನು ಅಗಲ ಮಾಡಿದರು. ಓಣಿಯ ತಿರುವಿನಲ್ಲಿದ್ದ ಬೇವಿನ ಮರ, ಅದರ ಕಟ್ಟೆ, ಪಕ್ಕದ ಹಿಟ್ಟಿನ ಗಿರಣಿ ಮೂರೂ ಹೋದವು. ಈಚಿನ ಮೂರು ತಿಂಗಳಲ್ಲಿ ಎರಡು ಸಲ ತಂದೆ ಸಂಜೆ ಗುಡಿಯಿಂದ ಮರಳುವಾಗ ನಮ್ಮ ತಿರುವನ್ನು ದಾಟಿ ಮುಂದೆ ಹೋಗಿಬಿಟ್ಟಿದ್ದಾರೆ. ಒಮ್ಮೆ ಗುರುತಿನ ಆಟೋದವರು ಮನೆಗೆ ತಂದು ಬಿಟ್ಟರು. ‘ಅರಳು ಮರಳು ಶುರುವಾಯಿತು’ ಎಂದು ತಮ್ಮ ಹೇಳುತ್ತಾನೆ. ‘ಗಿಡ ಹೋತು, ಖೂನ ಹೋತು’ ಎಂದು ಅವ್ವ ಹೇಳುತ್ತಾಳೆ. ಈ ನಡುವೆ ಓಣಿಯ ಹಿರಿಯರು ಪಟ್ಟಿ ಎತ್ತಿ, ಮುಖ್ಯರಸ್ತೆಗೆ ದೊಡ್ಡ ಕಮಾನು ಕಟ್ಟಿಸಿ, ಮುಂದಿನ ಸರ್ಕಲ್ಲಿನಲ್ಲಿ ಪ್ರತಿಮೆಯೊಂದನ್ನು ನಿಲ್ಲಿಸಲು ಹೊರಟಿದ್ದಾರೆ. ಒಂದು ಮರ ಹೋದ ಮಾತ್ರಕ್ಕೆ ಆರೋಗ್ಯವಂತ ಮನುಷ್ಯ ತನ್ನ ಮನೆಯ ದಾರಿ ತಪ್ಪುವುದು ಸಾಧ್ಯವೇ? ಕಮಾನು ಕಟ್ಟಿಸಿದರೆ ಸರಿಹೋಗುತ್ತದೆಯೇ? (ಹೆಸರು ಬೇಡ, ರಾಯಚೂರು)

ಉತ್ತರ: ನಿಮ್ಮ ತಮ್ಮ ಒಂದು ಹೇಳುತ್ತಾರೆ, ತಾಯಿಯವರು ಇನ್ನೊಂದು ಹೇಳುತ್ತಾರೆ. ಇಬ್ಬರಲ್ಲಿ ಒಬ್ಬರ ಮಾತು ನಿಜವಾದರೆ ಇನ್ನೊಬ್ಬರದು ಸುಳ್ಳಾಗಬೇಕೆಂದೇನೂ ಇಲ್ಲ. ನಾನು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ಊರುಗಳಲ್ಲಿ ಬಹಳ ಕಾಲ ನಗರ ಯೋಜನೆಯ ಕೆಲಸ ಮಾಡಿದವನು, ವೈದ್ಯನಲ್ಲ. ಆದ್ದರಿಂದ ವೈದ್ಯರಿಗೆ ಬಿಡಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ಪರಿಚಿತ ಜಾಗದಲ್ಲಿ ದಾರಿ ತಪ್ಪುವುದು ಮರೆವಿನ ಕಾಯಿಲೆಯ ಆರಂಭದ ಲಕ್ಷಣಗಳಲ್ಲಿ ಒಂದು ಎಂಬುದು ನಿಜ. ತಂದೆಯವರನ್ನು ವೈದ್ಯರಿಗೆ ತೋರಿಸುವುದನ್ನು ಮರದ ನೆಪದಲ್ಲಿ ಮುಂದೂಡಬೇಡಿ. ಹೋಗುವ ಮುನ್ನ ಕೆಲವು ಸಂಗತಿಗಳನ್ನು ಗಮನಿಸಿ ಬರೆದಿಟ್ಟುಕೊಳ್ಳಿ. ಅವರು ತಪ್ಪಿದ್ದು ಬದಲಾದ ಆ ಒಂದು ತಿರುವಿನಲ್ಲಿ ಮಾತ್ರವೇ, ಏನೂ ಬದಲಾಗದ ಜಾಗಗಳಲ್ಲೂ ತಪ್ಪುತ್ತಾರೆಯೇ? ತಪ್ಪಿದೆನೆಂದು ಅವರಿಗೇ ಹೊಳೆಯಿತೇ? ಹಣದ ಲೆಕ್ಕದಲ್ಲಿ, ಮಾತ್ರೆ ತೆಗೆದುಕೊಳ್ಳುವ ಹೊತ್ತಿನಲ್ಲಿ ತೊಡಕು ಕಾಣುತ್ತಿದೆಯೇ? ಎರಡು ಸಲವೂ ಸಂಜೆಯೇ ತಪ್ಪಿದ್ದರಿಂದ ಕಣ್ಣಿಗೆ ಪೊರೆ ಬಂದಿರಬಹುದೇ? ಜೀವಮಾನವೆಲ್ಲ ಲೆಕ್ಕ ಬರೆದವರು ಲೆಕ್ಕದಲ್ಲಿ ಎಡವತೊಡಗಿದರೆ, ತಿರುವು ತಪ್ಪಿದ್ದಕ್ಕಿಂತ ಅದೇ ಗಂಭೀರವಾದ ಸುಳಿವು. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆಗಳಂಥ ಚಿಕಿತ್ಸೆಯುಳ್ಳ ಕಾರಣಗಳಿಂದಲೂ ಮರೆವು ಬರುವುದುಂಟು, ರಕ್ತಪರೀಕ್ಷೆಯಲ್ಲಿ ಅವು ಗೊತ್ತಾಗುತ್ತವೆ. ವೈದ್ಯರು ಎಲ್ಲ ಸರಿಯಾಗಿದೆ ಎಂದರೂ ನಿಮ್ಮ ತಾಯಿಯವರ ಮಾತು ಉಳಿದೇ ಉಳಿಯುತ್ತದೆ. ಕಾಯಿಲೆ ಇದೆ ಎಂದರಂತೂ ಆ ಮಾತಿಗೆ ಇನ್ನೂ ಹೆಚ್ಚು ಬೆಲೆ ಬರುತ್ತದೆ, ಏಕೆಂದರೆ ನೆನಪು ಕುಂದುತ್ತಿರುವವರಿಗೆ ಹೊರಗಿನ ಗುರುತುಗಳ ಆಸರೆ ಉಳಿದವರಿಗಿಂತ ಹೆಚ್ಚಾಗಿ ಬೇಕು.

ಇನ್ನು ನಿಮ್ಮ ಮೊದಲ ಪ್ರಶ್ನೆ. ಮರ ಹೋದರೆ ಆರೋಗ್ಯವಂತರೂ ದಾರಿ ತಪ್ಪಬಹುದೇ ಎಂದರೆ, ಖಂಡಿತ ತಪ್ಪಬಹುದು. ಊರಿಗೆ ಹೊಸಬರು ಬೋರ್ಡು ಓದುತ್ತಾರೆ, ಅಂಗಡಿಯವರನ್ನು ಕೇಳುತ್ತಾರೆ, ಫೋನು ತೆಗೆದು ನೋಡುತ್ತಾರೆ. ಐವತ್ತು ವರ್ಷ ಅದೇ ದಾರಿಯಲ್ಲಿ ಓಡಾಡಿದವರು ಇದಾವುದನ್ನೂ ಮಾಡುವುದಿಲ್ಲ. ಅವರ ಮನಸ್ಸು ಬೇರೆಲ್ಲೋ ಇರುತ್ತದೆ, ಕಾಲು ತಾನಾಗಿ ತಿರುಗುತ್ತದೆ. ಹಾಗೆ ತಿರುಗಲು ಕಾಲಿಗೆ ಒಂದು ಸೂಚನೆ ಬೇಕು. ನಿಮ್ಮ ತಂದೆಯವರಿಗೆ ಆ ಸೂಚನೆಯನ್ನು ಕೊಡುತ್ತಿದ್ದುದು ಆ ಬೇವಿನ ಮರ.

ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬೋಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ನಗರಗಳ ನಿವಾಸಿಗಳಿಂದ ಅವರವರ ಊರಿನ ನಕ್ಷೆಯನ್ನು ನೆನಪಿನಿಂದ ಬರೆಯಿಸಿ, ಜನರು ನಗರವನ್ನು ಮನಸ್ಸಿನಲ್ಲಿ ಹೇಗೆ ಹಿಡಿದಿಟ್ಟುಕೊಳ್ಳುತ್ತಾರೆ ಎಂಬುದನ್ನು 1960ರಲ್ಲಿ ಪ್ರಕಟಿಸಿದರು. ದಾರಿಗಳು, ಅಂಚುಗಳು, ಬಡಾವಣೆಗಳು, ಕೂಡುತಾಣಗಳು, ಹೆಗ್ಗುರುತುಗಳು ಎಂಬ ಐದು ಅಂಗಗಳಿಂದ ಈ ಮನಸ್ಸಿನ ನಕ್ಷೆ ಆಗುತ್ತದೆಂದು ಅವರು ಹೇಳಿದ್ದನ್ನು ನಮ್ಮ ವೃತ್ತಿಯ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುತ್ತಾರೆ. ಆದರೆ ನಿಮಗೆ ಸಂಬಂಧಪಟ್ಟದ್ದು ಅದೇ ಅಧ್ಯಯನದ ಇನ್ನೆರಡು ಮಾತುಗಳು. ಊರಿನ ಪರಿಚಯ ಹೆಚ್ಚಾದಷ್ಟೂ ಜನ ಹೆಗ್ಗುರುತುಗಳನ್ನೇ ಹೆಚ್ಚು ನೆಚ್ಚಿ ನಡೆಯುತ್ತಾರೆ ಎಂಬುದು ಒಂದು. ಯಾವ ವಸ್ತುವಾದರೂ ಜನ ‘ಇಲ್ಲಿ ತಿರುಗಬೇಕೇ, ಮುಂದೆ ಹೋಗಬೇಕೇ’ ಎಂದು ನಿರ್ಧರಿಸುವ ಜಾಗದಲ್ಲಿದ್ದರೆ ಹೆಗ್ಗುರುತಾಗಿ ಅದರ ಬಲ ಹೆಚ್ಚುತ್ತದೆ ಎಂಬುದು ಇನ್ನೊಂದು. ನಿಮ್ಮ ತಂದೆಯವರದು ಹಳೆಯ ಪರಿಚಯ, ನಿಮ್ಮ ಬೇವಿನ ಮರ ಇದ್ದದ್ದು ತಿರುವಿನಲ್ಲೇ.

ಮಿದುಳಿನ ಅಧ್ಯಯನವೂ ಇದಕ್ಕೆ ಪೂರಕವಾಗಿದೆ. ಇಲಿಯ ಮಿದುಳಿನಲ್ಲಿ, ಅದು ಒಂದು ನಿರ್ದಿಷ್ಟ ಜಾಗದಲ್ಲಿ ನಿಂತಾಗ ಮಾತ್ರ ಎಚ್ಚೆತ್ತುಕೊಳ್ಳುವ ಕೋಶಗಳಿವೆ ಎಂದು ಜಾನ್ ಓಕೀಫ್ 1971ರಲ್ಲಿ ತೋರಿಸಿದರು. 2014ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಮೋಸರ್ ದಂಪತಿಯೊಂದಿಗೆ ಅವರು ಹಂಚಿಕೊಂಡದ್ದು ಇದೇ ದಿಕ್ಕಿನ ಕೆಲಸಕ್ಕೆ. ಮುಂದಿನ ಪ್ರಯೋಗಗಳಲ್ಲಿ, ಇಲಿಯನ್ನು ಬಿಟ್ಟ ದುಂಡನೆಯ ಆವರಣದ ಗೋಡೆಗೆ ಹಚ್ಚಿದ ಗುರುತಿನ ಹಾಳೆಯನ್ನು ಸರಿಸಿದಾಗ, ಆ ಕೋಶಗಳು ಎಚ್ಚೆತ್ತುಕೊಳ್ಳುವ ಜಾಗವೂ ಅದರ ಜೊತೆಗೇ ಸರಿಯಿತು. ಅಂದರೆ ತಲೆಯೊಳಗಿನ ನಕ್ಷೆ ಹೊರಗಿನ ಗುರುತುಗಳಿಗೆ ಕಟ್ಟಿಕೊಂಡಿರುತ್ತದೆ. ವಯಸ್ಸಾದಂತೆ ಹೊಸ ಜಾಗದ ನಕ್ಷೆಯನ್ನು ಹೊಸದಾಗಿ ಕಟ್ಟಿಕೊಳ್ಳುವ ಶಕ್ತಿ ಕುಗ್ಗುತ್ತದೆ, ರೂಢಿಯ ದಾರಿಯಲ್ಲಿ ನಡೆಯುವ ಶಕ್ತಿ ಅಷ್ಟು ಬೇಗ ಕುಗ್ಗುವುದಿಲ್ಲ. ಹಳೆಯ ದಾರಿ ಹಾಗೆಯೇ ಇರುವ ತನಕ ಈ ಕೊರತೆ ಮನೆಯವರಿಗೂ ಕಾಣುವುದಿಲ್ಲ.

ನಮ್ಮ ಕಡೆಯ ‘ಖೂನ’ ಎಂಬ ಮಾತು ನನಗೆ ‘ಹೆಗ್ಗುರುತು’ ಎಂಬುದಕ್ಕಿಂತ ಹೆಚ್ಚು ಸರಿಯಾಗಿ ಕಾಣುತ್ತದೆ. ಹೆಗ್ಗುರುತು ಎಂದೊಡನೆ ಏನೋ ದೊಡ್ಡದನ್ನೇ ಕಲ್ಪಿಸಿಕೊಳ್ಳುತ್ತೇವೆ. ಖೂನ ಎಂದರೆ ಗುರುತು ಹಿಡಿಯುವಂಥದ್ದು, ಅಷ್ಟೇ. ಅದು ಕಣ್ಣಿಗೇ ಕಾಣಬೇಕೆಂದೂ ಇಲ್ಲ. ನಿಮ್ಮ ತಿರುವನ್ನೇ ನೋಡಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಡೆದು ಬರುವವರಿಗೆ ಆ ನೆರಳಿನ ತಂಪು ಮೈಗೆ ತಾಕುತ್ತಿತ್ತು. ಬೇವು ಹೂ ಬಿಡುವ ಕಾಲಕ್ಕೆ ಅದರ ವಾಸನೆ ಬರುತ್ತಿತ್ತು. ಗಿರಣಿಯ ಬೆಲ್ಟಿನ ಸದ್ದು, ಜೋಳದ ಹಿಟ್ಟಿನ ಘಮ, ಕಟ್ಟೆಯ ಮೇಲೆ ಕೂತು ‘ಬಂದ್ರೇನ್ರೀ’ ಎಂದು ಮಾತಾಡಿಸುತ್ತಿದ್ದ ನಾಲ್ಕು ಮಂದಿ, ಇವೆಲ್ಲ ಸೇರಿ ಆ ತಿರುವು ಆಗಿತ್ತು. ಸಂಜೆ ಬೆಳಕು ಕಡಿಮೆಯಾಗಿ ಕಣ್ಣು ಮಂಜಾದರೂ ಕಿವಿ, ಮೂಗು, ಚರ್ಮ ಆ ಕೊರತೆಯನ್ನು ತುಂಬುತ್ತಿದ್ದವು. ಇಷ್ಟೂ ಒಂದೇ ವಾರದಲ್ಲಿ ಹೋಗಿರಬಹುದು, ಗುತ್ತಿಗೆದಾರರ ಲೆಕ್ಕದಲ್ಲಿ ಮಾತ್ರ ಅದು ‘ಒಂದು ಮರ’.

ರಸ್ತೆ ಅಗಲೀಕರಣ ಇದರ ಮೇಲೆ ಇನ್ನೂ ಮೂರು ಬದಲಾವಣೆಗಳನ್ನು ಮಾಡುತ್ತದೆ. ಅವನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇಕ್ಕಟ್ಟಾದ ರಸ್ತೆಯಲ್ಲಿ ಓಣಿಯ ಬಾಯಿ ದೊಡ್ಡದಾಗಿ ಕಾಣುತ್ತದೆ. ಅದೇ ಓಣಿ ಅಗಲವಾದ ರಸ್ತೆಯ ಅಂಚಿನಲ್ಲಿ ಎರಡು ಅಂಗಡಿಗಳ ನಡುವಿನ ಸಂದಿಯಂತೆ ಕಾಣುತ್ತದೆ. ಎರಡನೆಯದಾಗಿ, ಮುಂಭಾಗ ಕತ್ತರಿಸಿಹೋದ ಕಟ್ಟಡಗಳೆಲ್ಲ ಒಂದೇ ಕಾಲಕ್ಕೆ ಹೊಸ ಮುಖ ಕಟ್ಟಿಕೊಳ್ಳುತ್ತವೆ. ಅದೇ ರೋಲಿಂಗ್ ಶಟರ್, ಅದೇ ಹೊಳೆಯುವ ಅಲ್ಯೂಮಿನಿಯಂ ಹಾಳೆ, ಅದೇ ಅಳತೆಯ ಫ್ಲೆಕ್ಸ್. ಗುರುತು ಎನ್ನುವುದು ಹಿನ್ನೆಲೆಗಿಂತ ಬೇರೆಯಾಗಿ ಎದ್ದು ಕಾಣುವುದರಿಂದ ಆಗುತ್ತದೆಯೇ ಹೊರತು ವಸ್ತುವಿನಲ್ಲೇ ಇರುವುದಿಲ್ಲ, ಮತ್ತು ಎಲ್ಲವೂ ಹೊಳೆಯುವ ಕಡೆ ಯಾವುದೂ ಎದ್ದು ಕಾಣದು. ಮೂರನೆಯದು ರಸ್ತೆಯ ನಡುವಿನ ಡಿವೈಡರ್. ಮೊದಲು ನಿಮ್ಮ ತಂದೆಯವರು ಬಹುಶಃ ಓಣಿಯ ಎದುರಿಗೇ ರಸ್ತೆ ದಾಟುತ್ತಿದ್ದರು. ಈಗ ಡಿವೈಡರ್ ತೆರೆದಿರುವ ಕಡೆ ಹೋಗಿ ದಾಟಬೇಕು. ಆಗ ಓಣಿಯ ಬಾಯಿ ಬೇರೆ ದಿಕ್ಕಿನಿಂದ, ಬೇರೆ ಕೋನದಲ್ಲಿ ಎದುರಾಗುತ್ತದೆ, ದಾರಿಯ ಗುರುತುಗಳು ಬರುವ ಸರದಿಯೇ ತಲೆಕೆಳಗಾಗುತ್ತದೆ. ನಿಮ್ಮ ಮನೆಯ ಮುಂದಿನ ರಸ್ತೆಗೆ ಡಿವೈಡರ್ ಬಂದಿದೆಯೇ ಎಂದು ನೀವು ಬರೆದಿಲ್ಲ. ಬಂದಿದ್ದರೆ, ಒಂದು ಸಂಜೆ ತಂದೆಯವರ ಹಿಂದೆಯೇ ಹತ್ತು ಹೆಜ್ಜೆ ದೂರದಲ್ಲಿ ನಡೆದು, ಅವರು ಎಲ್ಲಿ ದಾಟುತ್ತಾರೆ, ಎಲ್ಲಿ ನಿಂತು ಅನುಮಾನಿಸುತ್ತಾರೆ ಎಂದು ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇನ್ನು ಕಮಾನು ಮತ್ತು ಪ್ರತಿಮೆಯ ಮಾತು. ದೊಡ್ಡದನ್ನು ಕಟ್ಟಿದರೆ ಗುರುತು ತಾನಾಗಿ ಆಗುತ್ತದೆ ಎಂಬುದು ನಮ್ಮ ಊರುಗಳಲ್ಲಿ ಗಟ್ಟಿಯಾಗಿ ನೆಲೆನಿಂತ ನಂಬಿಕೆ. ಬಳ್ಳಾರಿಯ ಗುಡ್ಡಕ್ಕಿಂತ ದೊಡ್ಡ ಗುರುತು ಈ ಭಾಗದ ಯಾವ ನಗರಕ್ಕಿದೆ? ಆ ಕೋಟೆ ಗುಡ್ಡ ಊರಿನ ಎಷ್ಟೋ ಕಡೆಯಿಂದ ಕಾಣುತ್ತದೆ, ನಾನು ಯಾವ ದಿಕ್ಕಿಗೆ ಮುಖ ಮಾಡಿದ್ದೇನೆ ಎಂದು ಹೇಳುತ್ತದೆ. ಆದರೆ ಕೌಲ್ ಬಜಾರಿನ ಯಾವ ಸಂದಿಯಲ್ಲಿ ಎಡಕ್ಕೆ ತಿರುಗಬೇಕೆಂದು ಅದು ಹೇಳಲಾರದು. ದಿಕ್ಕು ತಿಳಿಸುವ ದೂರದ ಗುರುತೇ ಬೇರೆ, ತಿರುವು ತಿಳಿಸುವ ಹತ್ತಿರದ ಗುರುತೇ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಹಾಗೆಯೇ ಹಳೆಯದೆಲ್ಲ ಗುರುತಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, 41 ಅಡಿಗೂ ಮೀರಿದ ಉದ್ದದ ಒಂದೇ ಕಲ್ಲಿದೆ. ಇತಿಹಾಸ ಓದಿದವರಿಗೆ ಅದು ಬೆರಗು, ಆದರೆ ದಾರಿ ಹೇಳುವಾಗ ಅದನ್ನು ಹೆಸರಿಸಿದವರನ್ನು ನಾನು ಕಂಡಿಲ್ಲ. 1513ರ ಏಕ್ ಮಿನಾರ್ ಮಸೀದಿಯ ಸಂಗತಿ ಬೇರೆ. ಮಿನಾರುಗಳು ಸಾಮಾನ್ಯವಾಗಿ ಜೋಡಿಯಾಗಿರುವ ಕಡೆ ಅಲ್ಲಿ ಒಂದೇ ಇದೆ, ಆ ಒಂಟಿತನವೇ ಹೆಸರಾಗಿದೆ. ಎತ್ತರಕ್ಕಿಂತ ಹೆಚ್ಚು ನೆನಪಿನಲ್ಲಿ ನಿಲ್ಲುವುದು ಬೇರೆಲ್ಲೂ ಇಲ್ಲದಿರುವಿಕೆ. ಕೊಪ್ಪಳದ ಪಲ್ಕಿಗುಂಡು ಬೆಟ್ಟದ ಮೇಲೆ ಎರಡು ಬಂಡೆಗಳ ಮೇಲೆ ಪಲ್ಲಕ್ಕಿಯ ಹಾಗೆ ಕೂತ ಹಾಸುಬಂಡೆಯ ಅಡಿಯಲ್ಲಿ ಅಶೋಕನ ಕಿರು ಶಿಲಾಶಾಸನವಿರುವುದು 1931ರಲ್ಲಿ ಬೆಳಕಿಗೆ ಬಂತು. ಬೆಟ್ಟದ ಮೇಲಿನ ನೂರಾರು ಬಂಡೆಗಳಲ್ಲಿ ದೂರದಿಂದಲೇ ಗುರುತು ಹಿಡಿಯಬಹುದಾದ ಅದನ್ನೇ ಆರಿಸಿಕೊಂಡದ್ದು ಆಕಸ್ಮಿಕವಾಗಿರಲಾರದು ಎಂಬುದು ನನ್ನ ಸ್ವಂತ ಊಹೆ.

ಫೋನಿನಲ್ಲಿ ನಕ್ಷೆ ಇರುವಾಗ ಈ ಗುರುತುಗಳೆಲ್ಲ ಏಕೆ ಎಂದು ನಿಮ್ಮ ತಮ್ಮ ಕೇಳಬಹುದು. ಗೂಗಲ್ ಮ್ಯಾಪ್ಸ್‌ನವರೇ 2023ರ ಕೊನೆಗೆ ಭಾರತಕ್ಕಾಗಿ, ಜಾಗವನ್ನು ಹತ್ತಿರದ ಹೆಗ್ಗುರುತುಗಳ ಮೂಲಕ ವಿವರಿಸುವ ಸೌಲಭ್ಯವನ್ನು ಪ್ರಕಟಿಸಿದರು. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ದೇಶವನ್ನು ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಸಂಕೇತ ಕೊಡುತ್ತದೆ. ಆಂಬುಲೆನ್ಸ್ ಕರೆಯಬೇಕಾದಾಗ ಅದು ಉಪಯೋಗಕ್ಕೆ ಬರಬಹುದಾದ್ದರಿಂದ ನಿಮ್ಮ ಮನೆಯ ಸಂಕೇತವನ್ನು ಬರೆದಿಟ್ಟುಕೊಳ್ಳಿ. ಆದರೆ ಗುಡಿಯಿಂದ ಮನೆಗೆ ಬರುವ ವೃದ್ಧರು ಸಂಕೇತ ನೋಡಿ ತಿರುಗುವುದಿಲ್ಲ.

ಕಮಾನು ಕಟ್ಟಿಸುವುದರಲ್ಲಿ ನನಗೆ ಕಾಣುವ ತೊಡಕುಗಳಿವು. ಅದು ನಿಲ್ಲುವುದು ಮುಖ್ಯರಸ್ತೆಯ ಮೇಲೆ, ನಿಮ್ಮ ತಂದೆಯವರಿಗೆ ಗುರುತು ಬೇಕಾಗಿರುವುದು ಓಣಿಯ ಬಾಯಲ್ಲಿ. ಕಮಾನಿನಿಂದ ಎಷ್ಟನೆಯ ತಿರುವು ನಮ್ಮದು ಎಂದು ಅವರು ಎಣಿಸಿಕೊಂಡು ಹೋಗಬೇಕಾದೀತು. ಒಂದು ಬಡಾವಣೆಯಲ್ಲಿ ನನ್ನ ಸಲಹೆಯ ಮೇರೆಗೇ ಕಮಾನೊಂದು ಎದ್ದಿತು. ಮೂರು ವರ್ಷದಲ್ಲಿ ಆಚೆ ಈಚೆಯ ಬಡಾವಣೆಗಳೂ ಅದೇ ನಮೂನೆಯಲ್ಲಿ, ಅದೇ ಬಣ್ಣದಲ್ಲಿ ಕಟ್ಟಿಸಿಕೊಂಡವು, ಮದುವೆಗೆ ಬಂದ ನೆಂಟರು ತಪ್ಪು ಕಮಾನಿನೊಳಗೆ ನುಗ್ಗುವಂತಾಯಿತು. ಆ ಸಲಹೆ ನನ್ನ ತಪ್ಪು. ಅದಲ್ಲದೆ ಮೇವು ಹೇರಿದ ಟ್ರ್ಯಾಕ್ಟರು, ಜಾತ್ರೆಯ ಮೆರವಣಿಗೆ ಅದರ ಅಡಿಯಲ್ಲಿ ಹಾಯಬೇಕು, ಕಂಬಗಳು ಪಾದಚಾರಿ ದಾರಿಯನ್ನು ನುಂಗುತ್ತವೆ, ಮತ್ತು ಕಟ್ಟಿದ ಮರುದಿನದಿಂದ ಹುಟ್ಟುಹಬ್ಬದ ಫ್ಲೆಕ್ಸುಗಳು ಅದರ ಮುಖವನ್ನು ಮುಚ್ಚುತ್ತವೆ.

ಪ್ರತಿಮೆಗೆ ಕಾನೂನಿನ ಅಡ್ಡಿ ಇದೆ. ಸಾರ್ವಜನಿಕ ರಸ್ತೆ, ಪಾದಚಾರಿ ದಾರಿ, ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ಅಥವಾ ಕಟ್ಟಡ ಕಟ್ಟಲು ರಾಜ್ಯ ಸರ್ಕಾರಗಳು ಅನುಮತಿ ನೀಡಕೂಡದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿತು. ಬೀದಿದೀಪ, ಹೈಮಾಸ್ಟ್, ಸಂಚಾರ, ರಸ್ತೆಯ ಅಭಿವೃದ್ಧಿ, ಸೌಂದರ್ಯೀಕರಣದ ಕೆಲಸಗಳಿಗೆ ಅದರಲ್ಲಿ ವಿನಾಯಿತಿ ಇದೆ. ಕಮಾನನ್ನು ಸೌಂದರ್ಯೀಕರಣವೆಂದು ವಾದಿಸುವವರಿದ್ದಾರೆ, ಪ್ರತಿಮೆಗೆ ಆ ವಾದ ಕಷ್ಟ. ಯಾರ ಪ್ರತಿಮೆ ಎಂಬ ಚರ್ಚೆ ಓಣಿಯನ್ನು ಎರಡು ಮಾಡುವ ಸಾಧ್ಯತೆಯನ್ನು ನಿಮ್ಮ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ನಿಮ್ಮ ರಸ್ತೆ ಹಳೆಯ ಸ್ಮಾರಕದ ಬಳಿ ಇದ್ದರೆ ಇನ್ನೊಂದನ್ನು ವಿಚಾರಿಸಿಕೊಳ್ಳಿ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಪಟ್ಟಿಯ ಹಣ ಕೈಸೇರುವ ಮೊದಲೇ ಇದನ್ನೆಲ್ಲ ಬರವಣಿಗೆಯಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು.

ನನ್ನನ್ನು ಕೇಳಿದರೆ ಆ ಹಣದ ಸಣ್ಣ ಪಾಲಿನಲ್ಲಿ ತಿರುವಿನಲ್ಲೇ ಒಂದು ಕಲ್ಲಿನ ಕಟ್ಟೆ ಕಟ್ಟಿಸಿ, ಅದರ ನಡುವೆ ಮತ್ತೆ ಬೇವನ್ನೇ ನೆಡಿ. ಕಟ್ಟೆ ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ, ಮರಕ್ಕೆ ವರ್ಷಗಳು ಬೇಕು. ಇದಕ್ಕೂ ಅಪಾಯಗಳಿಲ್ಲದಿಲ್ಲ. ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಪ್ರತಿ ಮಳೆಗಾಲಕ್ಕೂ ಮರದ ತಲೆ ಕತ್ತರಿಸುತ್ತಾರೆ, ಆದ್ದರಿಂದ ತಂತಿಯಿಂದ ದೂರದ ಮಗ್ಗುಲನ್ನು ಆರಿಸಬೇಕು. ಮೊದಲ ಎರಡು ಬೇಸಿಗೆ ನೀರು ಹಾಕುವವರು ಯಾರೆಂದು ಹೆಸರು ಹಿಡಿದು ಗೊತ್ತು ಮಾಡದಿದ್ದರೆ ರಾಯಚೂರಿನ ಬಿಸಿಲಿನಲ್ಲಿ ಸಸಿ ಉಳಿಯದು. ಕಟ್ಟೆ ವಾಹನಗಳು ತಿರುಗುವ ಜಾಗಕ್ಕೆ ಅಡ್ಡ ಬಂದರೆ ಅಪಘಾತಕ್ಕೆ ಕಾರಣವಾಗುತ್ತದೆ, ಹಾಗಾಗಿ ಪಾಲಿಕೆಯ ಎಂಜಿನಿಯರರನ್ನು ಸ್ಥಳಕ್ಕೆ ಕರೆದು ಗೆರೆ ಹಾಕಿಸಿಕೊಳ್ಳಿ. ನಗರದಲ್ಲಿ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು, ಬದಲಿ ಸಸಿ ನೆಡುವಂತೆ ಷರತ್ತು ಹಾಕಲೂ ಅವರಿಗೆ ಅಧಿಕಾರವಿದೆ. ನಿಮ್ಮ ಮರಕ್ಕೆ ಅಂಥ ಷರತ್ತು ಇತ್ತೇ ಎಂದು ಅರ್ಜಿ ಹಾಕಿ ಕೇಳಬಹುದು. ಇದ್ದರೆ ನಿಮ್ಮ ಖರ್ಚು ಉಳಿಯುತ್ತದೆ.

ಮರ ಬೆಳೆಯುವ ತನಕ ಮೂಲೆಯ ಮನೆಯವರನ್ನು ಒಪ್ಪಿಸಿ, ರಸ್ತೆಗೆ ಕಾಣುವ ಅವರ ಗೋಡೆಯೊಂದಕ್ಕೆ ಸಾಲಿನಲ್ಲಿ ಬೇರಾರೂ ಬಳಿಯದ ಗಾಢ ಬಣ್ಣ ಬಳಿಯಿಸಿ. ತಂದೆಯವರು ತಪ್ಪಿದ್ದು ಸಂಜೆ ಎಂಬುದನ್ನು ಮರೆಯದೆ, ಓಣಿಯ ಬಾಯಿಗೆ ಉಳಿದ ಬೀದಿದೀಪಗಳಿಗಿಂತ ಬೇರೆ ಬಣ್ಣದ, ಹಳದಿ ಬೆಳಕಿನ ಒಂದು ದೀಪ ಕೇಳಿ. ಬಣ್ಣ ಎರಡು ಮಳೆಗಾಲಕ್ಕೆ ಮಾಸುತ್ತದೆ, ದೀಪ ಕೆಟ್ಟರೆ ದೂರು ಕೊಡುವವರು ಬೇಕು, ಆದರೆ ಎರಡೂ ಈ ತಿಂಗಳೇ ಆಗಬಹುದಾದ ಕೆಲಸಗಳು. ಯಾವ ಬಣ್ಣ, ಯಾವ ಗೋಡೆ ಎಂಬುದನ್ನು ತಂದೆಯವರೇ ಹೇಳಲಿ. ಗುರುತು ಬೇಕಾದವರೇ ಅದನ್ನು ಆರಿಸಿದರೆ ನೆನಪಿನಲ್ಲಿ ಬೇಗ ಕೂರುತ್ತದೆ ಎಂಬುದು ನನ್ನ ಅನುಭವ. ಜೊತೆಗೆ ಒಂದೆರಡು ವಾರ ಮನೆಯ ಯಾರಾದರೂ ಗುಡಿಗೆ ಅವರೊಡನೆ ಹೋಗಿಬನ್ನಿ. ದಾರಿಯಲ್ಲಿ ಮುಂದೆ ನಡೆಯುವವರು ಅವರೇ ಆಗಿರಲಿ, ನೀವು ಹಿಂದಿರಿ.

ಹೆಸರನ್ನೂ ಕಳೆದುಕೊಳ್ಳಬೇಡಿ. ಬಳ್ಳಾರಿಯ ರಾಯಲ್ ಸರ್ಕಲ್ಲಿಗೆ ಗಡಗಿ ಚನ್ನಪ್ಪ ವೃತ್ತ ಎಂದು ಹೆಸರಿಟ್ಟ ಮೇಲೂ ಆಟೋದವರ ಬಾಯಲ್ಲಿ ರಾಯಲ್ ಸರ್ಕಲ್ ಉಳಿದಿದೆ. ನಮ್ಮದೇ ತೀನ್ ಕಂದೀಲಿಗೆ ಹೋಗುವವರು ಮೂರು ಕಂದೀಲುಗಳನ್ನು ಹುಡುಕಿಕೊಂಡು ಹೋಗುವುದಿಲ್ಲ. ನಿಮ್ಮ ತಿರುವನ್ನು ಜನ ಬೇವಿನ ಗಿಡದ ತಿರುವು ಎಂದೇ ಕರೆಯುತ್ತಿದ್ದರೆ, ಓಣಿಯ ಬಾಯಲ್ಲಿ ಅದೇ ಹೆಸರನ್ನು ಕಣ್ಣೆತ್ತರದಲ್ಲಿ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಿಸಿ. ಅಡ್ಡದಾರಿಗೆ ಬರೀ ಸಂಖ್ಯೆ ಕೊಟ್ಟ ಬೋರ್ಡಿನಿಂದ ಅಂಚೆಯವರಿಗೆ ಅನುಕೂಲವಾದೀತು, ನಿಮ್ಮ ತಂದೆಯವರಿಗೆ ಆಗುವುದಿಲ್ಲ.

ಕೊನೆಯದಾಗಿ, ಗಿರಣಿಯವರು ಎಲ್ಲಿಗೆ ಹೋದರು ಎಂದು ನೀವು ಬರೆದಿಲ್ಲ. ಓಣಿಯ ಬಾಯಿಯ ಹತ್ತಿರ ಈಗ ಎದ್ದಿರುವ ಮಳಿಗೆಗಳಲ್ಲಿ ಬಾಡಿಗೆ ಭಾರವೆಂದು ಅವರು ದೂರ ಹೋಗಿದ್ದರೆ, ಪಟ್ಟಿಯ ಹಣದಲ್ಲಿ ಸ್ವಲ್ಪವನ್ನು ಅವರ ಮುಂಗಡಕ್ಕೆ ಸೇರಿಸಿ ಮತ್ತೆ ಕರೆತರಲಾಗುವುದೇ ಎಂದು ಹಿರಿಯರ ಮುಂದೆ ಮಾತು ತೆಗೆಯಿರಿ. ಸಂಜೆ ಆರಕ್ಕೆ ಗಿರಣಿ ಓಡುತ್ತಿದ್ದರೆ ನಿಮ್ಮ ತಂದೆಯವರಿಗೆ ತಿರುವು ಕಾಣುವ ಮೊದಲೇ ಕೇಳಿಸುತ್ತದೆ.